ಒಂದೇ ಶಿರಾಜ್, ನಾಲ್ಕು ಊರು: ಪಕ್ಕಪಕ್ಕ ಇಟ್ಟು ಹೋಲಿಸುವುದು ಹೇಗೆ?

ಬಾಟಲಿ750:
ಆರು ಜನ ಕೂತು ಶಿರಾಜ್ ದ್ರಾಕ್ಷಿಯ ಕೆಂಪು ವೈನ್ ಒಂದನ್ನೇ ಬೇರೆ ಬೇರೆ ಕಡೆಯಿಂದ ತಂದು ಹೋಲಿಸುವ ಯೋಚನೆ ಇದೆ. ಜಾಗ ಬೆಂಗಳೂರು, ಬಾಟಲಿ ನಾಲ್ಕು. ಸದ್ಯದ ಪಟ್ಟಿ: ಫ್ರಾನ್ಸಿನ ರೋನ್ ಕಣಿವೆಯ ಒಂದು ಕೋತ್ ದ್ಯು ರೋನ್, ಆಸ್ಟ್ರೇಲಿಯಾದ ಬರೋಸಾ ಶಿರಾಜ್, ನಾಸಿಕ್‌ನ ಸುಲಾ ರಾಸಾ, ನಮ್ಮ ನಂದಿ ಕಡೆಯ ಗ್ರೋವರ್ ಲಾ ರಿಸರ್ವ್. ಬೆಲೆ ಆದಷ್ಟು ಒಂದೇ ಆಸುಪಾಸಿನಲ್ಲಿ ಇರಲಿ ಅಂತ ನೋಡ್ತಿದ್ದೀವಿ. ಪಟ್ಟಿ ಸರಿ ಇದೆಯಾ? ಯಾವುದು ಮೊದಲು, ಯಾವುದು ಕೊನೆಗೆ? ಎಷ್ಟು ಹೊತ್ತು ಮುಂಚೆ ತೆಗೆಯಬೇಕು? ಕೊನೆಯದಾಗಿ, ಬಾಯಿಗೆ ಸಿಕ್ಕ ರುಚಿಯಲ್ಲಿ ಮಣ್ಣಿನದು ಎಷ್ಟು, ತಯಾರಿಸಿದವರ ಕೈಯದು ಎಷ್ಟು ಅಂತ ಬೇರ್ಪಡಿಸುವುದು ಹೇಗೆ?

ಬಿರಡೆ:
ನಾಲ್ಕರಲ್ಲಿ ಎರಡು ಬಾಟಲಿ ಈ ಹೋಲಿಕೆಗೆ ಸೇರುವುದೇ ಇಲ್ಲ ಸಾರ್. ಲಾ ರಿಸರ್ವ್ ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್ ಬೆರೆಸಿದ ವೈನ್. ಚೆನ್ನಾಗಿದೆ, ಆದರೆ ಅದರಲ್ಲಿ ಸಿಗುವ ಬಿಗಿ ಒಗರು ಯಾವ ದ್ರಾಕ್ಷಿಯದು ಅಂತ ಹೇಳಲು ಬರುವುದಿಲ್ಲ. ಕೋತ್ ದ್ಯು ರೋನ್ ಕೂಡ ಹಾಗೇ. ಹೆಚ್ಚಿನವು ದಕ್ಷಿಣ ರೋನ್‌ನಿಂದ ಬರುತ್ತವೆ, ಅಲ್ಲಿ ಗ್ರೆನಾಶ್ ಎಂಬ ದ್ರಾಕ್ಷಿ ಯಜಮಾನ, ಸಿರಾ (ಶಿರಾಜ್‌ಗೆ ಫ್ರಾನ್ಸಿನ ಹೆಸರು) ಜೊತೆಗಾರ.

ಫ್ರಾನ್ಸಿನ ಶುದ್ಧ ಸಿರಾ ಬೇಕೆಂದರೆ ಉತ್ತರ ರೋನ್‌ಗೆ ಹೋಗಬೇಕು. ಲೇಬಲ್ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರು ಇರುವುದಿಲ್ಲ, ಊರಿನ ಹೆಸರು ಮಾತ್ರ: ಕ್ರೋಜ್ ಎರ್ಮಿತಾಜ್, ಸೇಂಟ್ ಜೋಸೆಫ್, ಕೋರ್ನಾ, ಎರ್ಮಿತಾಜ್, ಕೋತ್ ರೋತಿ. ಕೈಗೆಟುಕುವುದು ಮೊದಲೆರಡು. ಉಳಿದ ಹಲವು ದೇಶಗಳಲ್ಲಿ ಲೇಬಲ್ ಮೇಲೆ ಶಿರಾಜ್ ಎಂದಿದ್ದರೂ 15% ವರೆಗೆ ಬೇರೆ ದ್ರಾಕ್ಷಿ ಸೇರಬಹುದು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮೂರರಲ್ಲೂ ನಿಯಮ 85%. ಬಾಟಲಿಯ ಹಿಂದಿನ ಲೇಬಲ್ ಓದಿ, ಇಲ್ಲವೇ ತಯಾರಕರ ಜಾಲತಾಣದಲ್ಲಿ ಆ ವರ್ಷದ ಟೆಕ್ ಶೀಟ್ (ವೈನ್ ತಯಾರಿಕೆಯ ವಿವರಪಟ್ಟಿ) ತೆಗೆದು ನೋಡಿ.

ಬೆಲೆ ಸಮ ಇರಲಿ ಅಂದಿರಲ್ಲ, ಅದನ್ನು ಬಿಟ್ಟುಬಿಡಿ. ಆಮದು ಬಾಟಲಿಯ ಬೆಲೆಯಲ್ಲಿ ಸುಂಕ, ಅಬಕಾರಿ, ಸಾಗಣೆ ಎಲ್ಲ ಕೂತಿರುತ್ತದೆ. ಒಂದೇ ಬೆಲೆಗೆ ಸಿಗುವ ದೇಶಿ ಬಾಟಲಿ ಆ ಕಂಪನಿಯ ಮೇಲ್ದರ್ಜೆಯದಾಗಿದ್ದರೆ ಫ್ರೆಂಚ್ ಬಾಟಲಿ ಅಲ್ಲಿಯ ದಿನಬಳಕೆಯದು. ಆಸ್ಟ್ರೇಲಿಯಾದ ಲೆಕ್ಕ ಮತ್ತೂ ಬೇರೆ: 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ಬಾಟಲಿಗೆ 5 ಡಾಲರ್ ಮೇಲಿನ ವೈನಿಗೆ ಸುಂಕ 150%ರಿಂದ 100%ಕ್ಕೆ, 15 ಡಾಲರ್ ಮೇಲಿನದಕ್ಕೆ 75%ಕ್ಕೆ ಇಳಿಯಿತು, ಆಮೇಲೆ ವರ್ಷವರ್ಷ ಇನ್ನಷ್ಟು ಇಳಿಯುತ್ತಾ ಹೋಗುತ್ತದೆ. ಹಾಗಾಗಿ ದರ್ಜೆಯನ್ನು ಬೆಲೆಯಿಂದ ಅಳೆಯಬೇಡಿ, ಓಕ್ ಪೀಪಾಯಿಯಲ್ಲಿ ಎಷ್ಟು ತಿಂಗಳು ಇತ್ತು ಅನ್ನುವುದರಿಂದ ಅಳೆಯಿರಿ. ರಾಸಾ ಪೀಪಾಯಿಯಲ್ಲಿ ಮಾಗಿಸಿದ ಮೇಲ್ದರ್ಜೆ ವೈನ್. ಅದರ ಎದುರಿಗೆ ಸ್ಟೀಲ್ ಟ್ಯಾಂಕಿನಿಂದ ನೇರ ಬಾಟಲಿಗೆ ಬಂದ ಕ್ರೋಜ್ ಇಟ್ಟರೆ ನೀವು ಹೋಲಿಸುವುದು ನಾಸಿಕ್ ಮತ್ತು ರೋನ್ ಅಲ್ಲ, ಓಕ್ ಇರುವುದು ಮತ್ತು ಇಲ್ಲದಿರುವುದು.

ವರ್ಷ: ದಕ್ಷಿಣ ಗೋಳಾರ್ಧದಲ್ಲಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್, ನಮ್ಮಲ್ಲೂ ಹೆಚ್ಚುಕಮ್ಮಿ ಅದೇ ಕಾಲ. ಫ್ರಾನ್ಸಿನಲ್ಲಿ ಸೆಪ್ಟೆಂಬರ್. ಒಂದೇ ಇಸವಿ ಬರೆದಿದ್ದರೂ ಫ್ರೆಂಚ್ ವೈನ್ ಆರು ತಿಂಗಳು ಚಿಕ್ಕದು. ಆರು ತಿಂಗಳು ತೊಂದರೆಯಿಲ್ಲ, ನಾಲ್ಕು ವರ್ಷದ ಅಂತರ ಬೇಡ.

ಲಿಯೋನ್_ಕನ್ನಡಿಗ:
ಕ್ರೋಜ್ ತಗೊಳ್ಳುವಾಗ ಒಂದು ಎಚ್ಚರ. ಅದು ಉತ್ತರ ರೋನ್‌ನ ಅತಿ ದೊಡ್ಡ ಪ್ರದೇಶ. ಅದರ ಬಹುಪಾಲು ಎರ್ಮಿತಾಜ್ ಬೆಟ್ಟದ ದಕ್ಷಿಣಕ್ಕಿರುವ ಸಮತಟ್ಟು ಬಯಲು, ನದಿ ತಂದು ಹಾಕಿದ ಉರುಟು ಕಲ್ಲು. ಟ್ರ್ಯಾಕ್ಟರ್ ಓಡುತ್ತದೆ, ಆದ್ದರಿಂದ ಅಗ್ಗ. ಎರ್ಮಿತಾಜ್ ಬೆಟ್ಟ ಎಲ್ಲ ಸೇರಿ 140 ಹೆಕ್ಟೇರ್ ಸಹ ಇಲ್ಲ. ಅದರ ಪಶ್ಚಿಮ ತುದಿ ಗ್ರಾನೈಟ್. ಕೋತ್ ರೋತಿಯಲ್ಲಿ ಕಡಿದಾದ ಪದರಗಲ್ಲಿನ ಇಳಿಜಾರು, ಬಳ್ಳಿ ಒಂದೊಂದಕ್ಕೂ ಪ್ರತ್ಯೇಕ ಗೂಟ, ಕೆಲಸವೆಲ್ಲ ಕೈಯಲ್ಲಿ. ಬೆಲೆ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಆ ಇಳಿಜಾರನ್ನು ಒಮ್ಮೆ ನೋಡಿದರೆ ಸಾಕು.

ಈಗ ಮಣ್ಣು ಮತ್ತು ಕೈ ಪ್ರಶ್ನೆ. ರೋನ್ ವೈನಿನಲ್ಲಿ ಜನ ‘ಆ ನೆಲದ ಗುಣ’ ಎಂದು ಹೇಳುವ ಅರ್ಧ ಸಂಗತಿ ಹುದುಗಿಸುವ ತೊಟ್ಟಿಯಲ್ಲೇ ಆಗುವಂಥದ್ದು. ಮೂರನ್ನು ಗಮನಿಸಿ.

ತೊಟ್ಟು. ಇಲ್ಲಿ ಹಲವರು ಗೊಂಚಲನ್ನು ತೊಟ್ಟು ಬಿಡಿಸದೆ ಇಡಿಯಾಗಿ ತೊಟ್ಟಿಗೆ ಹಾಕುತ್ತಾರೆ. ಒಣಗಿದ ಚಹಾ ಎಲೆ, ಗಂಧದ ಹೊಟ್ಟಿನಂಥ ವಾಸನೆ ಅದರಿಂದ. ತೊಟ್ಟಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಹುಳಿ ಸ್ವಲ್ಪ ತಗ್ಗುತ್ತದೆ, ಬಣ್ಣವೂ ತಿಳಿಯಾಗುತ್ತದೆ. ತೊಟ್ಟು ಹಸಿಯಾಗಿದ್ದರೆ ಸೊಪ್ಪು ಹಿಂಡಿದಂಥ ಕಹಿ ಬರುತ್ತದೆ.

ಬಿಳಿ ದ್ರಾಕ್ಷಿ. ಕೋತ್ ರೋತಿಯಲ್ಲಿ 20% ವರೆಗೆ ವಿಯೋನ್ಯೆ ಸೇರಿಸಲು ಅನುಮತಿ ಇದೆ, ಹಾಕುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಜೊತೆಗೇ ಹುದುಗಿಸಬೇಕೆಂಬುದು ನಿಯಮ. ಬಿಳಿ ಸೇರಿದರೂ ಕೆಂಪು ಬಣ್ಣ ಮಾಸುವ ಬದಲು ಗಟ್ಟಿಯಾಗಿ ನಿಲ್ಲುತ್ತದೆ. ಬಿಳಿ ಸಿಪ್ಪೆಯ ಕೆಲವು ಅಂಶಗಳು ಕೆಂಪು ಬಣ್ಣದ ಕಣಗಳಿಗೆ ಅಂಟಿಕೊಳ್ಳುವುದೇ ಕಾರಣ. ಎರ್ಮಿತಾಜ್‌ನಲ್ಲಿ ಮಾರ್ಸಾನ್, ರೂಸಾನ್ 15% ವರೆಗೆ ಸೇರಬಹುದು. ಕೋರ್ನಾದಲ್ಲಿ ಮಾತ್ರ ಸಿರಾ ಬಿಟ್ಟರೆ ಬೇರೇನೂ ಇಲ್ಲ. ಹೋಲಿಕೆಗೆ ಕೋರ್ನಾ ಒಳ್ಳೆಯದು, ಆದರೆ ಎಳೆಯದಾಗಿದ್ದರೆ ಒಗರು ಬಾಯಿ ಕಟ್ಟಿಹಾಕುತ್ತದೆ.

ಪೀಪಾಯಿ ಗಾತ್ರ. 225 ಲೀಟರಿನ ಹೊಸ ಪೀಪಾಯಿಯಲ್ಲಿಟ್ಟ ವೈನಿಗೂ 600 ಲೀಟರಿನ ಹಳೆಯದರಲ್ಲಿಟ್ಟ ವೈನಿಗೂ ಅಜಗಜಾಂತರ. ಚಿಕ್ಕ ಪೀಪಾಯಿಯಲ್ಲಿ ಲೀಟರಿಗೆ ತಗಲುವ ಮರ ಜಾಸ್ತಿ.

ಅಂದಹಾಗೆ 19ನೇ ಶತಮಾನದಲ್ಲಿ ಬೋರ್ಡೋದ ಸಪ್ಪೆ ವೈನಿಗೆ ಮೈ ಬರಲಿ ಅಂತ ಎರ್ಮಿತಾಜ್ ಬೆರೆಸುತ್ತಿದ್ದರು, ಮುಚ್ಚುಮರೆ ಇಲ್ಲದೆ. ಬೆರಕೆಯನ್ನು ಹೀಯಾಳಿಸುವವರಿಗೆ ಇದು ತಿಳಿದಿರಲಿ.

ಅಡಿಲೇಡ್_ಅಡ್ಡಾ:
ಬರೋಸಾ ಬಗ್ಗೆ ನಾನು ಸೇರಿಸುತ್ತೇನೆ. ಲೇಬಲ್ ಮೇಲೆ ಬರೀ ‘ಬರೋಸಾ’ ಎಂದಿದ್ದರೆ ಬರೋಸಾ ವ್ಯಾಲಿ, ಈಡನ್ ವ್ಯಾಲಿ ಎರಡರ ಹಣ್ಣೂ ಇರಬಹುದು. ‘ಬರೋಸಾ ವ್ಯಾಲಿ’ ಎಂದಿದ್ದರೆ ಕಣಿವೆಯದು. ಕಣಿವೆಯ ತಳ ಸುಮಾರು 250-300 ಮೀಟರ್ ಎತ್ತರ, ಈಡನ್ 400-500. ಈ ಇನ್ನೂರು ಮೀಟರಿನಲ್ಲಿ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ತಂಪು, ಕೊಯ್ಲೂ ತಡ. ಈಡನ್‌ನದರಲ್ಲಿ ಮೆಣಸು, ಹೂವಿನ ಪರಿಮಳ; ಕಣಿವೆಯದರಲ್ಲಿ ಚಾಕೊಲೇಟ್, ಗಟ್ಟಿ ನೇರಳೆ ರಸ. ಹೋಲಿಕೆಗೆ ಕಣಿವೆಯದನ್ನೇ ತನ್ನಿ, ರೋನ್‌ಗೂ ಅದಕ್ಕೂ ಇರುವ ದೂರ ಎದ್ದು ಕಾಣುತ್ತದೆ.

ಈ ಭಾಗಕ್ಕೆ ಬೇರು ತಿನ್ನುವ ಫಿಲಾಕ್ಸೆರಾ ಹೇನು ಬಂದೇ ಇಲ್ಲ. ಅದಕ್ಕೇ ಕಸಿ ಇಲ್ಲದೆ ಸ್ವಂತ ಬೇರಿನ ಮೇಲೆ ನಿಂತ 1840ರ ದಶಕದ ಶಿರಾಜ್ ಬಳ್ಳಿಗಳು ಈಗಲೂ ಫಲ ಕೊಡುತ್ತಿವೆ. ಜೇಮ್ಸ್ ಬಸ್ಬಿ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ಬಳ್ಳಿಯ ಕಡ್ಡಿ ತಂದದ್ದು 1832ರಲ್ಲಿ. ಲೇಬಲ್ ಮೇಲೆ ‘ಓಲ್ಡ್ ವೈನ್’ (Old Vine, ಹಳೆಯ ಬಳ್ಳಿ) ಅಂತ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ, ಬರೋಸಾದಲ್ಲಾದರೆ ಅದಕ್ಕೊಂದು ಕಟ್ಟಳೆ ಇದೆ: ಬಳ್ಳಿಗೆ 35 ವರ್ಷ ದಾಟಿದರೆ ಓಲ್ಡ್, 70 ಸರ್ವೈವರ್, 100 ಸೆಂಟಿನೇರಿಯನ್, 125 ಆನ್ಸೆಸ್ಟರ್.

ಕೊಬ್ಬರಿ ವಾಸನೆ ಬಂದರೆ ಅದು ಊರಿನದಲ್ಲ, ಅಮೆರಿಕನ್ ಓಕ್‌ನದು. ಆ ಮರದಲ್ಲಿ ಓಕ್ ಲ್ಯಾಕ್ಟೋನ್ ಫ್ರೆಂಚ್ ಮರಕ್ಕಿಂತ ಹೆಚ್ಚು. 1951ರಲ್ಲಿ ಮ್ಯಾಕ್ಸ್ ಶುಬರ್ಟ್ ಪೆನ್‌ಫೋಲ್ಡ್ಸ್ ವೈನರಿಯಲ್ಲಿ ಗ್ರೇಂಜ್ ಎಂಬ ಶಿರಾಜ್ ವೈನಿನ ಮೊದಲ ಪ್ರಯೋಗ ಮಾಡಿದ ಕಾಲದಿಂದ ಆ ಮರ ಇಲ್ಲಿಯ ಶೈಲಿಯೇ ಆಗಿಹೋಗಿತ್ತು. ಈಗ ಎಷ್ಟೋ ಜನ ಫ್ರೆಂಚ್ ಓಕ್‌ಗೆ ಬಂದಿದ್ದಾರೆ.

ಇನ್ನೊಂದು, ಶಿರಾಜ್ ಹಣ್ಣಿನದೇ ಸ್ವಭಾವ. ಹೂವಾಗಿ ಸುಮಾರು 90 ದಿನ ಕಳೆದ ಮೇಲೆ ಕಾಯಿಗೆ ನೀರು ಹೋಗುವುದು ತಗ್ಗಿ, ಗೊಂಚಲಲ್ಲೇ ಸುಕ್ಕಾಗತೊಡಗುತ್ತದೆ. ಆಗ ಸಕ್ಕರೆ ಹೆಚ್ಚಿದಂತೆ ಕಂಡರೂ ಹಣ್ಣು ಹೊಸದಾಗಿ ಸಕ್ಕರೆ ಮಾಡಿದ್ದಲ್ಲ, ನೀರು ಹೋಗಿ ದಪ್ಪವಾದದ್ದು. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 24ರಲ್ಲಿ ಕೊಯ್ದರೆ ಆಲ್ಕೋಹಾಲ್ 13.5-14% ಬರುತ್ತದೆ, ಸುಕ್ಕಾಗಲು ಬಿಟ್ಟು 26ರಲ್ಲಿ ಕೊಯ್ದರೆ 15% ಆಸುಪಾಸು. ಜೊತೆಗೆ ಒಣದ್ರಾಕ್ಷಿ ರುಚಿ. ಎಂದು ಕೊಯ್ದರು ಅನ್ನುವುದು ಮಣ್ಣಿಗಿಂತ ದೊಡ್ಡ ಮಾತು, ನನ್ನ ಅಭಿಪ್ರಾಯದಲ್ಲಿ.

ದ್ರಾಕ್ಷಿತೋಟ:
ಅಡಿಲೇಡ್‌ನವರ ಕೊನೇ ಮಾತು ಹಿಡಕೊಂಡು ಹೇಳ್ತೀನ್ರಿ. ಊರೂರಿಗೆ ಇರೋ ನಿಜವಾದ ಫರಕು ಹವಾಮಾನ ಎಷ್ಟು ಬಿಸಿ ಅನ್ನೋದಲ್ಲ, ಹಣ್ಣು ಮಾಗೋ ವ್ಯಾಳ್ಯಾದಾಗ ಬಿಸಿ ಏರಾಕತ್ತೈತೋ ಇಳಿಯಾಕತ್ತೈತೋ ಅನ್ನೋದು.

ರೋನ್‌ದಾಗ ಆಗಸ್ಟ್‌ನಾಗ ಬಣ್ಣ ತಿರುಗಿ, ಸೆಪ್ಟೆಂಬರ್‌ದಾಗ ದಿನಾ ತಂಪಾಗ್ತಾ ಹಣ್ಣು ಮಾಗತದ. ಬರೋಸಾದಾಗ ಜನವರಿಯ ಉರಿಬಿಸಿಲಿನಾಗ ಶುರುವಾಗಿ ಮಾರ್ಚ್ ಹೊತ್ತಿಗೆ ಇಳಿಮುಖ. ನಮ್ಮಲ್ಲಿ ಪೂರಾ ಉಲ್ಟಾ. ಬೆಂಗಳೂರು ಕಡೆ ಜನವರಿ ಹಗಲು 28 ಡಿಗ್ರಿ ಇದ್ದದ್ದು ಮಾರ್ಚ್‌ಗೆ 33 ಆಗತದ. ಕೊಯ್ಲು ಒಂದು ವಾರ ತಡ ಮಾಡಿದರ ರೋನ್‌ನವನಿಗೆ ಹುಳಿ ಸ್ವಲ್ಪ ಕರಗಬಹುದು, ನಮಗ ಬುಡಸಮೇತ ಹೋಗತದ. ಹಣ್ಣಿನಾಗ ಎರಡು ಹುಳಿ: ಟಾರ್ಟಾರಿಕ್ ಗಟ್ಟಿ, ಮ್ಯಾಲಿಕ್ ಬಿಸಿಲಿಗೆ ಸುಟ್ಟು ಹೋಗೋದು. 30 ಡಿಗ್ರಿ ದಾಟಿದ ಮ್ಯಾಲೆ ಮ್ಯಾಲಿಕ್ ನಿಲ್ಲಂಗಿಲ್ಲ.

ಇನ್ನ ಚಾಟ್ನಿ, ಅಂದರ ಬಳ್ಳಿ ಸವರೋ ವಿಚಾರ. ಫ್ರಾನ್ಸ್‌ನಾಗ ಚಳಿಗೆ ಬಳ್ಳಿ ತಾನಾಗೇ ಮಲಗತದ, ವರ್ಷಕ್ಕ ಒಮ್ಮೆ ಸವರಿದರ ಸಾಕು. ನಮ್ಮ ಬಳ್ಳಿ ಮಲಗೋದೇ ಇಲ್ಲ. ಅದಕ್ಕ ಎರಡು ಚಾಟ್ನಿ, ಒಂದೇ ಬೆಳೆ. ಏಪ್ರಿಲ್‌ದಾಗ ಮೊದಲನೇದು, ಕಡ್ಡಿ ಬೆಳೆಸಲಿಕ್ಕ. ಸೆಪ್ಟೆಂಬರ್-ಅಕ್ಟೋಬರ್‌ದಾಗ ಎರಡನೇದು, ಕಾಯಿಗೆ. ಎರಡನೇ ಚಾಟ್ನಿ ಆದಮ್ಯಾಲೆ ಕಣ್ಣೆಲ್ಲ ಒಟ್ಟಿಗೆ ಒಡೀಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ತಾರ. ಹಚ್ಚೋದು ಹೆಚ್ಚುಕಮ್ಮಿ ಆದರ ಕೆಲವು ಕಣ್ಣು ಮೊದಲ, ಕೆಲವು ಹತ್ತು ದಿನ ಬಿಟ್ಟು ಒಡೀತಾವ. ಕೊಯ್ಲಿನಾಗ ಒಂದೇ ಬಳ್ಳಿಯೊಳಗ ಹಸಿ ಗೊಂಚಲೂ ಇರತದ, ಕಳಿತದ್ದೂ ಇರತದ. ಗ್ಲಾಸಿನಾಗ ಒಂದು ಕಡೆ ಸೊಪ್ಪಿನ ವಾಸನೆ, ಇನ್ನೊಂದು ಕಡೆ ಜ್ಯಾಮ್ ರುಚಿ, ಎರಡೂ ಒಟ್ಟಿಗೆ ಬಂತಂದರ ಅದಕ್ಕ ಕಾರಣ ಇದು. ಇದನ್ನ ಭಾರತದ ಮಣ್ಣಿನ ಗುಣ ಅಂತ ಬರೀಬ್ಯಾಡ್ರಿ.

ನಾಸಿಕ್, ನಂದಿ ಎರಡೂ ಒಂದೇ ಅಂತ ಭಾವಿಸಬ್ಯಾಡ್ರಿ. ನಾಸಿಕ್ 20 ಡಿಗ್ರಿ ಉತ್ತರ, ಎತ್ತರ ಸುಮಾರು 600 ಮೀಟರ್, ಕೆಳಗ ಬಸಾಲ್ಟ್ ಬಂಡೆ. ಡಿಸೆಂಬರ್-ಜನವರಿ ರಾತ್ರಿ 10 ಡಿಗ್ರಿಗೆ ಇಳೀತದ, ಹಗಲು 28-30. ಆ ಅಂತರದಿಂದ ಬಣ್ಣ ಚಲೋ ಕೂಡ್ತದ. ನಂದಿ ಕಡೆ 13 ಡಿಗ್ರಿ ಉತ್ತರ, ದೊಡ್ಡಬಳ್ಳಾಪುರದ ತೋಟಗಳು 900 ಮೀಟರ್ ಸುಮಾರು, ಕೆಂಪು ಮಣ್ಣು. ರಾತ್ರಿ 15ರ ಸುತ್ತ, ಅಷ್ಟು ಏರಿಳಿತ ಇಲ್ಲ. ಅಕ್ಟೋಬರ್-ನವೆಂಬರ್‌ನ ಹಿಂಗಾರು ಮಳಿ ಬ್ಯಾರೆ, ಎಳೆ ಚಿಗುರಿಗೆ ಡೌನಿ ರೋಗ ಹತ್ತತದ. ಅದಕ್ಕ ಚಾಟ್ನಿ ಹಿಂದಕ್ಕ ಹಾಕಿದರ ಕೊಯ್ಲು ಬ್ಯಾಸಗಿಗೆ ಹೋಗತದ. ಎರಡೂ ಕಡೆ ಕತ್ತಿ.

ಹುಳಿ ಕಮ್ಮಿ ಆದಾಗ ವೈನರಿಯವರು ಟಾರ್ಟಾರಿಕ್ ಹಾಕ್ತಾರ, ಲೀಟರಿಗೆ 1-2 ಗ್ರಾಂ. ಒಂದು ಗ್ರಾಂಗೆ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಂಗ ಇದು ಇಳಿಯೋದು) ಸುಮಾರು 0.1 ಇಳೀತದ. ಇದು ಬರೋಸಾದಾಗೂ ನಿತ್ಯದ ಕೆಲಸ, ಮೋಸ ಅಲ್ಲ. ಹುದುಗೋ ಮೊದಲ ಹಾಕಿದರ ವೈನಿನಾಗ ಬೆರೆತು ಹೋಗತದ. ಬಾಟಲಿಗೆ ತುಂಬೋ ಮುಂದ ಹಾಕಿದರ ಕೊನೆಗೆ ನಾಲಿಗೆಯ ಎರಡೂ ಅಂಚಿಗೆ ಹುಣಸೆಹುಳಿ ಬ್ಯಾರೆ ನಿಂತಂಗ ಅನಸತದ.

ಮೆಣಸುಕಾಳು:
ತೋಟದವರು ಹೇಳಿದ ಪಿಎಚ್ ಮಾತಿಗೆ ಒಂದು ಬಾಲ ಸೇರಿಸುತ್ತೇನೆ. ವೈನ್ ಕೆಡದಂತೆ ಕಾಯುವುದು ಗಂಧಕದ ಡೈಆಕ್ಸೈಡ್, ಆದರೆ ಅದರಲ್ಲಿ ಕೆಲಸ ಮಾಡುವ ರೂಪ ಪಿಎಚ್ 3.5ರಲ್ಲಿ ಸುಮಾರು 2%, 3.8ರಲ್ಲಿ ಬರೀ 1%. ಅಂದರೆ ಹುಳಿ ಇಳಿದ ವೈನಿಗೆ ಅದೇ ರಕ್ಷಣೆ ಬೇಕಿದ್ದರೆ ಎರಡರಷ್ಟು ಹಾಕಬೇಕು. ಹಾಕದಿದ್ದರೆ ಬ್ರೆಟ್ಟನೋಮೈಸಿಸ್ ಎಂಬ ಯೀಸ್ಟ್ ಪೀಪಾಯಿಯಲ್ಲಿ ಮನೆ ಮಾಡುತ್ತದೆ. ಬ್ಯಾಂಡ್‌ಏಡ್, ಕುದುರೆ ಲಾಯ, ಲವಂಗ ಸುಟ್ಟ ಹೊಗೆ. ಹಳೆಯ ರೋನ್ ವೈನುಗಳಲ್ಲಿ ಇದನ್ನೇ ‘ಆ ಊರಿನ ಗತ್ತು’ ಎಂದು ಹೊಗಳಿದವರು ಬಹಳ ಜನ ಮಾರಾಯ್ರೇ.

ಈಗ ನನ್ನ ವಿಷಯ, ಕರಿಮೆಣಸು. ಸಿರಾದ ಮೆಣಸಿನ ವಾಸನೆ ಬರೀ ಉಪಮೆ ಅಲ್ಲ. 2008ರಲ್ಲಿ ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಅದಕ್ಕೆ ಕಾರಣವಾದ ಅಂಶವನ್ನು ಪ್ರಕಟಿಸಿದರು, ಹೆಸರು ರೋಟಂಡೋನ್. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿ ಇರುವುದೂ ಅದೇ ಅಣು, ಸಾವಿರಾರು ಪಟ್ಟು ಹೆಚ್ಚು ಪ್ರಮಾಣದಲ್ಲಿ. ಕೆಂಪು ವೈನಿನಲ್ಲಿ ಲೀಟರಿಗೆ 16 ನ್ಯಾನೋಗ್ರಾಂ ಇದ್ದರೆ ಮೂಗಿಗೆ ಗೊತ್ತಾಗುತ್ತದೆ, ನೀರಿನಲ್ಲಿ 8 ಸಾಕು. ನ್ಯಾನೋ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು.

ಇದು ಸಿಪ್ಪೆಯಲ್ಲಿ ಇರುವುದು, ಹಣ್ಣು ಮಾಗುವ ಕೊನೆಯ ವಾರಗಳಲ್ಲಿ ಕೂಡುವುದು. ಕಾಯಿಯ ಮೈ 25 ಡಿಗ್ರಿ ದಾಟಿದ ತಾಸುಗಳು ಹೆಚ್ಚಾದಷ್ಟೂ ಕಡಿಮೆ. ಒಂದೇ ತೋಟದಲ್ಲಿ ನೆರಳಿನ ಬದಿಯ ಗೊಂಚಲಿಗೂ ಬಿಸಿಲ ಬದಿಯದಕ್ಕೂ ವ್ಯತ್ಯಾಸ ಸಿಗುತ್ತದೆ. ಹಾಗಾಗಿ ಕ್ರೋಜ್‌ನಲ್ಲಿ ಮೆಣಸು ಜೋರು, ಬರೋಸಾ ತಳದ್ದರಲ್ಲಿ ಕಡಿಮೆ. ನಮ್ಮ ದೇಶದ್ದರಲ್ಲಿ ಮೆಣಸು ಬಂದರೆ ತಂಪಿರುವಾಗಲೇ ಕೊಯ್ದಿದ್ದಾರೆ ಎಂದು ಅನುಮಾನಿಸಬಹುದು, ಆದರೆ ಕೆಲವೊಮ್ಮೆ ಅದು ಸುಟ್ಟ ಓಕ್‌ನ ಮಸಾಲೆ ವಾಸನೆಯೂ ಇರುತ್ತದೆ. ಗುರುತು ಹೀಗೆ: ಓಕ್‌ನ ಮಸಾಲೆ ಲವಂಗ, ಜಾಯಿಕಾಯಿ ಕಡೆ ವಾಲುತ್ತದೆ, ಸಿಹಿ ಇರುತ್ತದೆ. ರೋಟಂಡೋನ್ ಒಣ, ಆಗಷ್ಟೇ ಕುಟ್ಟಿದ ಕಾಳು.

ಮುಖ್ಯ ಮಾತು ಇನ್ನೊಂದು. ಐದು ಜನರಲ್ಲಿ ಒಬ್ಬರಿಗೆ ಈ ಅಣುವಿನ ವಾಸನೆ ಬರುವುದೇ ಇಲ್ಲ. ನಿಮ್ಮ ಆರು ಜನರಲ್ಲಿ ಒಬ್ಬರು ‘ಮೆಣಸು ಎಲ್ಲಿದೆ?’ ಎಂದರೆ ಅವರ ಮೂಗನ್ನು ದೂರಬೇಡಿ.

ಬಾಟಲಿ750:
ಹಾಗಾದ್ರೆ ಮೊದಲೇ ಅಡುಗೆಮನೆ ಮೆಣಸು ಪುಡಿ ಮಾಡಿ ಎಲ್ಲರಿಗೂ ಮೂಸಿಸಿ ನೋಡಿದರೆ ಯಾರಿಗೆ ಬರಲ್ಲ ಅಂತ ಗೊತ್ತಾಗುತ್ತಲ್ಲಾ?

ಮೆಣಸುಕಾಳು:
ಆಗುವುದಿಲ್ಲ. ಕಾಳುಮೆಣಸಿನಲ್ಲಿ ಪೈನೀನ್, ಲಿಮೋನೀನ್, ಕ್ಯಾರಿಯೋಫಿಲೀನ್ ಹೀಗೆ ಬೇರೆ ಹತ್ತು ಪರಿಮಳ ಇವೆ. ರೋಟಂಡೋನ್ ತಿಳಿಯದವರಿಗೂ ಪುಡಿ ಮೂಸಿದರೆ ‘ಮೆಣಸು’ ಎಂದೇ ಅನಿಸುತ್ತದೆ. ನಾಲಿಗೆಗೆ ಬರುವ ಖಾರ ಪೈಪರಿನ್‌ದು, ಅದಕ್ಕೆ ವಾಸನೆಯೇ ಇಲ್ಲ.

ಬದಲಿಗೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡು ಗ್ಲಾಸಿಗೆ ಒಂದೇ ವೈನ್, ಮೂರನೆಯದಕ್ಕೆ ಬೇರೆ. ಯಾವುದು ಬೇರೆ ಅಂತ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಕುರುಡಾಗಿ ಹೇಳಿದರೂ ಮೂರರಲ್ಲಿ ಒಂದು ಬಾರಿ ಸರಿ ಬರುತ್ತದೆ. ಆರರಲ್ಲಿ ನಾಲ್ಕು ಜನ ಸರಿ ಹೇಳುವುದು ಅದೃಷ್ಟದಿಂದಲೇ ಆಗುವ ಸಾಧ್ಯತೆ 10%. ಐದು ಜನ ಸರಿ ಹೇಳಿದರೆ ಅದು 2% ಒಳಗೆ, ಆಗ ವ್ಯತ್ಯಾಸ ನಿಜ ಅಂತ ಇಟ್ಟುಕೊಳ್ಳಿ. ನಾಸಿಕ್ ಮತ್ತು ನಂದಿ ಬಾಟಲಿಗಳ ಮೇಲೆ ಇದನ್ನು ಮಾಡಿದರೆ, ಅವೆರಡರ ವ್ಯತ್ಯಾಸದ ಬಗ್ಗೆ ಮಾತಾಡುವ ಹಕ್ಕು ನಿಮಗೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಅಡಿಲೇಡ್_ಅಡ್ಡಾ:
ಮೂಗಿಗೆ ಗುರುತು ಹಿಡಿಸುವ ಸಾಮಾನು ಬೇಕಿದ್ದರೆ ಮೆಣಸಿಗಿಂತ ಇವು ಉಪಯೋಗ: ತುರಿದ ಒಣ ಕೊಬ್ಬರಿ, ಕಪ್ಪು ಆಲಿವ್ ಡಬ್ಬಿಯ ನೀರು, ನೇರಳೆ ಹಣ್ಣು, ಹತ್ತಿಗೆ ಒಂದು ಹನಿ ನೀಲಗಿರಿ ಎಣ್ಣೆ. ಕೊನೆಯದು ಯಾಕೆಂದರೆ ಆಸ್ಟ್ರೇಲಿಯಾದ ಕೆಲವು ಕೆಂಪು ವೈನುಗಳಲ್ಲಿ ಬರುವ ನೀಲಗಿರಿ ವಾಸನೆ ನಿಜಕ್ಕೂ ಪಕ್ಕದ ನೀಲಗಿರಿ ಮರದ್ದೇ. ಎಣ್ಣೆ ಗಾಳಿಯಲ್ಲಿ ಬಂದು ಸಿಪ್ಪೆಗೆ ಕೂರುತ್ತದೆ, ಎಲೆ ಚೂರು ಕೊಯ್ಲಿನ ಜೊತೆ ತೊಟ್ಟಿಗೆ ಬೀಳುತ್ತದೆ. ಮರದ ಹತ್ತಿರದ ಸಾಲುಗಳಲ್ಲಿ ಜೋರು, 50 ಮೀಟರ್ ದಾಟಿದರೆ ಬಹಳ ಕಡಿಮೆ. ಕೋಲಾರ, ದೊಡ್ಡಬಳ್ಳಾಪುರ ಸುತ್ತ ನೀಲಗಿರಿ ತೋಪು ಕಂಡವರಿಗೆ ಈ ವಾಸನೆ ಹೇಳಿಕೊಡಬೇಕಿಲ್ಲ.

2020ರ ಆಸ್ಟ್ರೇಲಿಯಾ ಬಾಟಲಿ ತಗೊಳ್ಳುವಾಗ ಒಮ್ಮೆ ಯೋಚಿಸಿ. ಕ್ಯಾನ್‌ಬೆರಾ, ಹಂಟರ್, ಅಡಿಲೇಡ್ ಹಿಲ್ಸ್ ಕಡೆ ಕಾಡ್ಗಿಚ್ಚಿನ ಹೊಗೆ ಹಣ್ಣಿಗೆ ಹಿಡಿದ ವರ್ಷ. ಒಲೆ ಬೂದಿ ನೆಕ್ಕಿದಂಥ ರುಚಿ, ನುಂಗಿದ ಮೇಲೆ ಹೆಚ್ಚಾಗುತ್ತದೆ.

ಬಿರಡೆ:
ಸುರಿಯುವ ಕೆಲಸಕ್ಕೆ ಬರೋಣ.

ಬೆಂಗಳೂರಿನ ಬೇಸಿಗೆ ಕೋಣೆ 28 ಡಿಗ್ರಿ. ಆ ಬಿಸಿಯಲ್ಲಿ ಕೆಂಪು ವೈನ್ ಸುರಿದರೆ ಮೊದಲು ಮೂಗಿಗೆ ಹೊಡೆಯುವುದು ಸ್ಪಿರಿಟ್, ಅದರಲ್ಲೂ 15%ನ ಬರೋಸಾಗೆ ಬಹಳ ಅನ್ಯಾಯ. 16ರಲ್ಲಿ ಸುರಿಯಿರಿ, ಗ್ಲಾಸಿನಲ್ಲಿ ತಾನೇ 18ಕ್ಕೆ ಏರುತ್ತದೆ. ಫ್ರಿಜ್‌ನಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಅರ್ಧ ಗಂಟೆ ಸಾಕು ಅನ್ನುವುದು ತಂಪು ದೇಶದವರ ಲೆಕ್ಕ. ಐಸ್ ಕಲಸಿದ ನೀರಿನ ಬಕೆಟ್ ಆದರೆ ಹತ್ತು ನಿಮಿಷ. ನಾಲ್ಕೂ ಬಾಟಲಿ ಒಂದೇ ಉಷ್ಣತೆಯಲ್ಲಿರಲಿ, ಅಡುಗೆ ಥರ್ಮಾಮೀಟರ್ ಇದ್ದರೆ ಸಾಕು.

ಒಬ್ಬರಿಗೆ ಒಂದು ವೈನ್ 50 ಮಿಲಿ. 750ರಲ್ಲಿ ಹದಿನೈದು ಬಾರಿ ಸುರಿಯಬಹುದು, ಆರು ಜನಕ್ಕೆ ಮೊದಲ ಸುತ್ತು 300, ಮರುಸುತ್ತಿಗೂ ಉಳಿಯುತ್ತದೆ. ಎಲ್ಲ ಕುಡಿದರೆ ನಾಲ್ಕು ವೈನ್ ಸೇರಿ ಮೊದಲ ಸುತ್ತಿಗೇ ಸುಮಾರು 22 ಗ್ರಾಂ ಆಲ್ಕೋಹಾಲ್, ಎರಡನೇ ಸುತ್ತೂ ಅಷ್ಟೇ ಕುಡಿದರೆ ಒಟ್ಟು ಅದರ ದುಪ್ಪಟ್ಟು. ಉಗುಳಲು ಒಂದೊಂದು ಸ್ಟೀಲ್ ಲೋಟ ಇಡಿ. ಯಾರೂ ಗಾಡಿ ಓಡಿಸಿಕೊಂಡು ಹೋಗುವುದು ಬೇಡ. ಗ್ಲಾಸ್ ಎಲ್ಲವೂ ಒಂದೇ ಆಕಾರದ್ದಿರಲಿ, ಬಾಯಿ ಹೊಟ್ಟೆಗಿಂತ ಕಿರಿದಾಗಿರಲಿ. ತೊಳೆದ ಗ್ಲಾಸಿಗೆ ಪಾತ್ರೆ ಸೋಪಿನ ನಿಂಬೆ ವಾಸನೆ ಉಳಿದರೆ ಎಲ್ಲ ಹಾಳು. ಬಿಸಿನೀರಲ್ಲಿ ಇನ್ನೊಮ್ಮೆ ತೊಳೆದು ಮಗುಚಿಡಿ.

ಊದುಬತ್ತಿ, ಮುಡಿಗೆ ಮಲ್ಲಿಗೆ, ಪಕ್ಕದ ಕೋಣೆಯಲ್ಲಿ ಒಗ್ಗರಣೆ, ಇವು ಮೂರೂ ಬೇಡ. ಒಂದು ಗಂಟೆ ಮುಂಚಿನಿಂದ ಫಿಲ್ಟರ್ ಕಾಫಿ ಬೇಡ. ನಡುವೆ ತಿನ್ನಲು ಸಪ್ಪೆ ಬ್ರೆಡ್, ನೀರು. ಖಾರದ ಪಕೋಡ ಮುಗಿದ ಮೇಲೆ ಬರಲಿ: ಮೆಣಸಿನಕಾಯಿ ಖಾರಕ್ಕೆ ಒಗರು ಎರಡು ಪಟ್ಟು ಕಾಣುತ್ತದೆ, ಆಲ್ಕೋಹಾಲ್ ಉರಿಯುತ್ತದೆ.

ಕ್ರಮ: ಬಾಟಲಿಗಳನ್ನು ಹಾಳೆಯಲ್ಲಿ ಸುತ್ತಿ ನಂಬರ್ ಹಾಕಿ. ಕಡಿಮೆ ಆಲ್ಕೋಹಾಲಿನದು ಮೊದಲು. ಬರೋಸಾ ಮೊದಲು ಕುಡಿದು ಆಮೇಲೆ ಕ್ರೋಜ್‌ಗೆ ಬಂದರೆ ಕ್ರೋಜ್ ತೆಳ್ಳಗೆ, ಹುಳಿ ಎಂದೇ ಅನಿಸುತ್ತದೆ, ಅದು ಕ್ರೋಜ್‌ನ ತಪ್ಪಲ್ಲ. ಇನ್ನೂ ಒಳ್ಳೆಯದು ನಾಲ್ಕನ್ನೂ ಒಟ್ಟಿಗೆ ಸುರಿದು ಹಿಂದೆಮುಂದೆ ಹೋಗುವುದು. ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಒಬ್ಬ ‘ಚಾಕೊಲೇಟ್’ ಎಂದ ತಕ್ಷಣ ಉಳಿದ ಐವರಿಗೂ ಚಾಕೊಲೇಟೇ ಸಿಗುತ್ತದೆ.

ತೆರೆದ ಕೂಡಲೇ ಎಲ್ಲವನ್ನೂ ಒಂದು ಗುಟುಕು ಪರೀಕ್ಷಿಸಿ. ನೆನೆದ ರಟ್ಟು, ಒದ್ದೆ ಗೋಣಿಚೀಲದ ವಾಸನೆ ಇದ್ದರೆ ಕಾರ್ಕ್ ಕೆಟ್ಟಿದೆ, ಗಾಳಿಗಿಟ್ಟರೂ ಹೋಗುವುದಿಲ್ಲ, ಪಕ್ಕಕ್ಕೆ ಇಡಿ. ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಪಕ್ಕದಲ್ಲಿ ವೈನ್ ಸೋರಿ ಅಂಟಿದ್ದರೆ ಸಾಗಣೆಯಲ್ಲೋ ಗೋದಾಮಿನಲ್ಲೋ ಬಿಸಿ ತಿಂದಿದೆ. ಅಂಥದ್ದು ಬೇಯಿಸಿದ ಬೀಟ್‌ರೂಟ್, ಪಾಕದಂತೆ ಇರುತ್ತದೆ, ಅದರಿಂದ ಊರನ್ನು ಅಳೆಯಬೇಡಿ. ಏಪ್ರಿಲ್-ಮೇಯಲ್ಲಿ ಅಂಗಡಿಯ ಕಿಟಕಿ ಶೆಲ್ಫಿನ ಬಾಟಲಿ ತಗೊಳ್ಳಲೇಬೇಡಿ.

ಲಿಯೋನ್_ಕನ್ನಡಿಗ:
ಸಿರಾಗೆ ಒಂದು ಹೆಚ್ಚುವರಿ ಕಾಯಿಲೆ ಇದೆ. ಹುದುಗುವಾಗ ಗಾಳಿ ಸಾಲದಿದ್ದರೆ ಗಂಧಕದ ವಾಸನೆ ಮಾಡಿಕೊಳ್ಳುವುದರಲ್ಲಿ ಇದು ಮುಂದು. ಗೀಚಿದ ಬೆಂಕಿಕಡ್ಡಿ, ಕೊಳೆತ ಮೊಟ್ಟೆ, ಸುಟ್ಟ ರಬ್ಬರ್. ಸ್ಕ್ರೂಕ್ಯಾಪ್ ಬಾಟಲಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಕಾಣುತ್ತದೆ. ಇದನ್ನು ಗ್ರಾನೈಟ್ ನೆಲದ ‘ಖನಿಜ ಗುಣ’ ಎಂದು ಬರೆದುಕೊಳ್ಳುವವರು ಬಹಳ. ಪರೀಕ್ಷೆ ಸುಲಭ: ಅದೇ ವೈನನ್ನು ಎರಡು ಗ್ಲಾಸಿಗೆ ಸುರಿದು ಒಂದಕ್ಕೆ ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದ ತಾಮ್ರದ ತುಂಡು ಹಾಕಿ ಎರಡು ನಿಮಿಷ ಅಲ್ಲಾಡಿಸಿ. ವಾಸನೆ ಹೋದರೆ ಅದು ಗಂಧಕದ್ದು, ನೆಲದ್ದಲ್ಲ. ಆ ಗ್ಲಾಸ್ ಕುಡಿಯುವುದಕ್ಕಲ್ಲ, ಚೆಲ್ಲಿ. ಹೋಗದಿದ್ದರೆ ಗಂಧಕ ಅಲ್ಲವೇ ಅಲ್ಲ ಅಂತಲ್ಲ. ಹಳತಾದ ಮೇಲೆ ಡೈಸಲ್ಫೈಡ್ ಆಗಿ ಕೂತರೆ ತಾಮ್ರಕ್ಕೂ ಬಗ್ಗುವುದಿಲ್ಲ.

ಕ್ರೋಜ್ ಎಳೆಯದಿದ್ದರೆ ಒಂದು ಗಂಟೆ ಮುಂಚೆ ಜಗ್ಗಿಗೆ ಸುರಿದಿಡಿ. ಆದರೆ ನಾಲ್ಕಕ್ಕೂ ಅದೇ ಉಪಚಾರ ಆಗಬೇಕು.

ಬಾಟಲಿ750:
ಹಾಗಾದರೆ ಮಣ್ಣಿಗೆ ಏನೂ ಪಾತ್ರವೇ ಇಲ್ವಾ? ನಾಸಿಕ್ ಬಸಾಲ್ಟ್, ನಂದಿ ಕೆಂಪು ಮಣ್ಣು ಅಂತ ಇಷ್ಟು ಹೊತ್ತು ಓದಿ ಖುಷಿಯಾಗಿದ್ದೆ.

ಲಿಯೋನ್_ಕನ್ನಡಿಗ:
ಇದೆ, ಆದರೆ ಕಲ್ಲಿನ ರುಚಿ ಬೇರಿನಿಂದ ಹತ್ತಿ ಗ್ಲಾಸಿಗೆ ಬರುವುದಿಲ್ಲ. ಮಣ್ಣು ಕೆಲಸ ಮಾಡುವುದು ನೀರಿನ ಮೂಲಕ, ಬಿಸಿಯ ಮೂಲಕ. ನೀರು ಬೇಗ ಬಸಿದು ಹೋಗುವ ನೆಲದಲ್ಲಿ ಕಾಯಿ ಚಿಕ್ಕದು, ಸಿಪ್ಪೆಯ ಪಾಲು ಹೆಚ್ಚು. ಅದನ್ನು ಪ್ರತ್ಯೇಕವಾಗಿ ನೋಡಬೇಕಿದ್ದರೆ ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಲ್ಯಾಂಡ್‌ನ ಮುಲಿನೋ ಇದ್ದಾರೆ. ಒಂದೇ ಮನೆಯವರು ಪದರಗಲ್ಲಿನ ನೆಲದ ಸಿರಾ, ಗ್ರಾನೈಟ್ ನೆಲದ ಸಿರಾ ಅಂತ ಬೇರೆ ಬೇರೆ ಬಾಟಲಿ ಮಾಡುತ್ತಾರೆ, ತಯಾರಿಕೆ ಒಂದೇ ರೀತಿ. ಒಂದು ಗಟ್ಟಿಮುಟ್ಟು, ಇನ್ನೊಂದು ಪರಿಮಳದ್ದು. ದುಬಾರಿ, ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಯಾರಾದರೂ ಹೊರದೇಶದಿಂದ ಬರುವವರಿದ್ದರೆ ಒಬ್ಬರಿಗೆ ಎರಡು ಲೀಟರ್ ಸುಂಕವಿಲ್ಲದೆ ತರಬಹುದು, ಅಂದರೆ ಸರಿಯಾಗಿ ಈ ಎರಡು ಬಾಟಲಿ.

ದ್ರಾಕ್ಷಿತೋಟ:
ನಾನು ಅಷ್ಟು ಒಪ್ಪೂದಿಲ್ರಿ. ಪದರಗಲ್ಲು ಒಂದು ಗುಡ್ಡ, ಗ್ರಾನೈಟ್ ಇನ್ನೊಂದು ಗುಡ್ಡ. ಗುಡ್ಡ ಬದಲಾದರ ಗಾಳಿ, ಇಳಿಜಾರಿನ ದಿಕ್ಕು, ಬಳ್ಳಿ ವಯಸ್ಸು ಎಲ್ಲ ಬದಲಾಗತದ. ಮಣ್ಣೊಂದನ್ನೇ ಬ್ಯಾರೆ ಮಾಡಿ ತೋರಿಸೂದು ಅಲ್ಲೂ ಆಗಂಗಿಲ್ಲ. ಗ್ಲಾಸಿನಾಗ ಖರೇ ಹೇಳಬಹುದಾದದ್ದು ಇಷ್ಟ: ಹುಳಿ ಎಷ್ಟು, ಒಗರು ಒರಟೋ ನುಣುಪೋ, ಹಣ್ಣು ಹಸಿಯೋ ಕಳಿತದ್ದೋ, ಮೆಣಸು ಐತೋ ಇಲ್ಲೋ, ಆಲ್ಕೋಹಾಲಿನ ಬಿಸಿ ಐತೋ ಇಲ್ಲೋ. ಈ ಐದು ಕಲಂ ಹಾಕಿ ಹಾಳಿ ತಯಾರು ಮಾಡ್ರಿ. ಆರನೇ ಕಲಂ ‘ಓಕ್’. ಮಣ್ಣಿಗೆ ಕಲಂ ಬ್ಯಾಡ.

ಬಾಟಲಿ750:
ಸರಿ, ಹೊಸ ಪಟ್ಟಿ: ಕ್ರೋಜ್ ಎರ್ಮಿತಾಜ್, ಬರೋಸಾ ವ್ಯಾಲಿ ಶಿರಾಜ್, ರಾಸಾ, ಮತ್ತು ನಂದಿ ಕಡೆಯ ಬೆರಕೆಯಲ್ಲದ ಒಂದು ಶಿರಾಜ್. ಎಲ್ಲಕ್ಕೂ ಓಕ್ ಒಂದು ವರ್ಷದ ಆಸುಪಾಸು ಇರುವ ಹಾಗೆ ಟೆಕ್ ಶೀಟ್ ನೋಡಿ ಆರಿಸ್ತೀವಿ. ಉಳಿದ ವೈನ್ ಏನು ಮಾಡೋದು?

ಬಿರಡೆ:
ಚೆಲ್ಲಬೇಡಿ, ಹೋಲಿಕೆಯ ಎರಡನೇ ಭಾಗ ಅಲ್ಲೇ ಇದೆ. 375 ಮಿಲಿಯ ಖಾಲಿ ಅರ್ಧ ಬಾಟಲಿ ನಾಲ್ಕು ಇಟ್ಟುಕೊಳ್ಳಿ. ಮೊದಲ ಸುತ್ತು ಮುಗಿದ ತಕ್ಷಣ, ಮರುಸುತ್ತಿಗೆ ಮುಂಚೆಯೇ, ಅವನ್ನು ಕುತ್ತಿಗೆವರೆಗೂ ತುಂಬಿ ಮುಚ್ಚಿ ಫ್ರಿಜ್‌ಗಿಡಿ. ಹಾಗೆ ತೆಗೆದ ಮೇಲೆ ಮರುಸುತ್ತಿಗೆ ಉಳಿಯುವುದು 75 ಮಿಲಿ, ತಲೆಗೆ 12 ಮಿಲಿ, ಅಂದರೆ ಒಂದೇ ಗುಟುಕು. ಕುಡಿದು ಮುಗಿಸುವ ಆಸೆ ಇದ್ದವರಿಗೆ ಮೊದಲೇ ಹೇಳಿಬಿಡಿ. ಮರುದಿನ ಅದೇ 16 ಡಿಗ್ರಿಗೆ ತಂದು, ನಂಬರ್ ಅದಲುಬದಲು ಮಾಡಿ ಮತ್ತೆ ಬರೆಯಿರಿ. ಹುಳಿ ಕಡಿಮೆ ಇರುವ ವೈನ್ ಸಾಮಾನ್ಯವಾಗಿ ಮೊದಲು ಕುಸಿಯುತ್ತದೆ, ಅಂಚಿನ ಬಣ್ಣ ಕಂದಾಗಿ ಹಣ್ಣು ಒಣಗಿದಂತಾಗುತ್ತದೆ. ಮೊದಲ ದಿನ ಮುಚ್ಚಿಕೊಂಡಿದ್ದ ಕ್ರೋಜ್ ಎರಡನೇ ದಿನ ಬಾಯಿ ಬಿಡುವುದೂ ಉಂಟು. ಎರಡೂ ದಿನದ ಹಾಳೆ ಇಲ್ಲಿ ಹಾಕಿ, ‘ಮೆಣಸು’ ಕಲಂನಲ್ಲಿ ಯಾರು ಖಾಲಿ ಬಿಟ್ಟಿದ್ದಾರೆ ಅನ್ನುವುದೂ ಸೇರಿಸಿ.